ಗೋಡೆಯ ಆಚೆ ನಿಂತು ಆಡಿಸುವವರು

ದೊಡ್ಡ ಮೈದಾನದ ಫುಟ್‌ಬಾಲ್‌ನಲ್ಲಿ ಸೀಟಿ ಊದಿದ ಮೇಲೆ ಕೋಚ್ ಮಾಡಬಹುದಾದ್ದು ಅಷ್ಟಕ್ಕಷ್ಟೇ. ತಂಡ ಕಟ್ಟಿ ಕಳಿಸಿದ್ದಾಯಿತು. ಇನ್ನು ಗೆರೆಯ ಬಳಿ ನಿಂತು ಕೂಗಬೇಕು, ಅರ್ಧ ಸಮಯಕ್ಕೆ ಕಾಯಬೇಕು, ಲೆಕ್ಕ ಹಾಕಿ ನಾಲ್ಕಾರು ಬದಲಿ ಆಟಗಾರರನ್ನು ಇಳಿಸಬೇಕು. ಅಮೆರಿಕದ ವೃತ್ತಿಪರ ಒಳಾಂಗಣ ಫುಟ್‌ಬಾಲ್‌ನಲ್ಲಿ ಹಾಗಲ್ಲ. ಅಲ್ಲಿ ಕೋಚ್‌ನ ನಿಜವಾದ ಕೆಲಸ ಶುರುವಾಗುವುದೇ ಸೀಟಿ ಊದಿದ ಮೇಲೆ.

ಇದು ಬೆಂಗಳೂರಿನ ಬಡಾವಣೆಗಳಲ್ಲಿ ಸಂಜೆಯಾದರೆ ಬಲೆ ಕಟ್ಟಿದ ಟರ್ಫ್‌ಗಳಲ್ಲಿ ನಡೆಯುವ ಆಟವಲ್ಲ, ಫುಟ್ಸಾಲ್ ಕೂಡ ಅಲ್ಲ. ಐಸ್ ಹಾಕಿಯ ಅಂಗಣ, ಸುಮಾರು 200 ಅಡಿ ಉದ್ದ, 85 ಅಡಿ ಅಗಲ. ಅದರ ಮೇಲೆ ಕೃತಕ ಹುಲ್ಲು ಹಾಸಿರುತ್ತಾರೆ. ಸುತ್ತಲಿನ ಗೋಡೆಗೆ ಬಡಿದ ಚೆಂಡು ಹೊರಗೆ ಹೋದ ಲೆಕ್ಕವಲ್ಲ. ಕ್ಯಾರಂ ಆಡುವವರು ಅಂಚಿಗೆ ಹೊಡೆದು ಕಾಯಿ ಹಾಕುವ ಹಾಗೆ ಇಲ್ಲಿ ಗೋಡೆಗೆ ಹೊಡೆದು ಪಾಸ್ ಕೊಡುತ್ತಾರೆ. ಗೋಲ್‌ಕೀಪರ್ ಸೇರಿ ಒಂದು ಕಡೆಗೆ ಆರು ಮಂದಿ. ತಲಾ 15 ನಿಮಿಷದ ನಾಲ್ಕು ಅವಧಿಗಳು. ಒರಟಾಗಿ ಆಡಿದವನನ್ನು ಎರಡು ನಿಮಿಷ ಹೊರಗೆ ಕೂರಿಸುತ್ತಾರೆ, ಅಷ್ಟು ಹೊತ್ತು ಅವನ ತಂಡ ಒಬ್ಬನಿಲ್ಲದೆ ತಡೆದುಕೊಳ್ಳಬೇಕು.

ಬದಲಿ ಆಟಗಾರರಿಗೆ ಮಿತಿಯಿಲ್ಲ, ಆಟ ನಿಲ್ಲುವವರೆಗೂ ಕಾಯಬೇಕಿಲ್ಲ. ಕೋಚ್‌ನ ವಿದ್ಯೆಯೆಲ್ಲ ಈ ಒಂದು ನಿಯಮದಲ್ಲಿದೆ. ಪೂರಾ ವೇಗದಲ್ಲಿ ಓಡುವವನ ಕಾಲು ಒಂದೆರಡು ನಿಮಿಷಕ್ಕೆ ಸೋಲುತ್ತದೆ. ಸೋಲುವ ಮುಂಚೆಯೇ ಅವನನ್ನು ಕರೆಯಬೇಕು, ಇನ್ನೊಬ್ಬನನ್ನು ಗೋಡೆ ಹಾರಿಸಿ ಒಳಗೆ ಬಿಡಬೇಕು. ಚೆಂಡು ಎದುರಾಳಿಯ ಕಾಲಿನಲ್ಲಿರುವಾಗ ಕರೆದರೆ ಬೆನ್ನಹಿಂದೆ ಬಯಲು. ಒಳಗಿದ್ದವನು ಹೊರಬರುವ ಮುಂಚೆ ಹೊರಗಿದ್ದವನು ನುಗ್ಗಿದರೆ ಶಿಕ್ಷೆ. ಯಾರ ಜೊತೆ ಯಾರು ಹೊಂದುತ್ತಾರೆ, ಎದುರಿನವರು ತಮ್ಮ ಅತ್ಯುತ್ತಮ ಜೋಡಿಯನ್ನು ಇಳಿಸಿದಾಗ ನಮ್ಮವರಲ್ಲಿ ಯಾರಿರಬೇಕು, ಇವೆಲ್ಲವನ್ನೂ ಕೋಚ್ ಓಡುತ್ತಿರುವ ಗಡಿಯಾರದ ಜೊತೆಯಲ್ಲೇ ತೀರ್ಮಾನಿಸುತ್ತಾ ಹೋಗಬೇಕು. ಕೊನೆಯ ನಿಮಿಷಗಳಲ್ಲಿ ಒಂದು ಗೋಲು ಹಿಂದಿದ್ದರೆ ಗೋಲ್‌ಕೀಪರನ್ನೇ ತೆಗೆದು ಆರನೆಯ ದಾಳಿಗಾರನನ್ನು ಕಳಿಸುವುದುಂಟು. ತನ್ನ ಗೋಲನ್ನು ಕಾವಲಿಲ್ಲದೆ ಬಿಡುವ ಆ ತೀರ್ಮಾನ ಪೂರ್ತಿ ಕೋಚ್‌ನದು. ಕೆಟ್ಟರೆ ಹೊಣೆಯೂ ಅವನದೇ.

ಈ ಆಟಕ್ಕೆ ಅಮೆರಿಕದಲ್ಲಿ ಗಂಭೀರವಾದ ಗಮನ ಸಿಕ್ಕಿದ್ದು 1974ರ ಫೆಬ್ರುವರಿಯಲ್ಲಿ, ಸೋವಿಯತ್ ಸೇನಾ ತಂಡ ಫಿಲಡೆಲ್ಫಿಯಾಕ್ಕೆ ಬಂದು ಅಲ್ಲಿನ ಆಟಮ್ಸ್ ತಂಡದೊಂದಿಗೆ ಆಡಿದಾಗ. 1978ರಲ್ಲಿ ಮೇಜರ್ ಇಂಡೋರ್ ಸಾಕರ್ ಲೀಗ್ ಹುಟ್ಟಿತು. ಮೊದಲ ನಾಲ್ಕು ವರ್ಷ ಪ್ರಶಸ್ತಿಯೆಲ್ಲ ಡಾನ್ ಪೊಪೊವಿಚ್ ತರಬೇತಿಯ ನ್ಯೂಯಾರ್ಕ್ ಆ್ಯರೋಸ್ ಪಾಲು. ಆಮೇಲೆ ಬಂದಿದ್ದು ರಾನ್ ನ್ಯೂಮನ್ ಕಾಲ.

ನ್ಯೂಮನ್ ಇಂಗ್ಲೆಂಡಿನವರು. ಪೋರ್ಟ್ಸ್‌ಮತ್ ಮೊದಲಾದ ಕ್ಲಬ್‌ಗಳಲ್ಲಿ ವಿಂಗರ್ ಆಗಿದ್ದು, 1967ರಲ್ಲಿ ಅಮೆರಿಕಕ್ಕೆ ಬಂದರು. ಡಲ್ಲಾಸ್ ಟೊರ್ನಾಡೊ ಕೋಚ್ ಆಗಿ 1971ರಲ್ಲಿ ಹೊರಾಂಗಣ ಲೀಗ್ ಗೆದ್ದರು. ಆ ವರ್ಷ ರಾಚೆಸ್ಟರ್ ವಿರುದ್ಧ ಅವರ ತಂಡ ಆಡಿದ ಒಂದು ಪಂದ್ಯ 176 ನಿಮಿಷ ನಡೆದಿತ್ತು! ಫುಟ್‌ಬಾಲ್ ಎಂದರೇನೆಂದು ತಿಳಿಯದ ಊರಿನಲ್ಲಿ ಆಟಗಾರರೊಂದಿಗೆ ಶಾಲೆಶಾಲೆಗೆ ಹೋಗಿ ಮಕ್ಕಳಿಗೆ ಆಟ ಕಲಿಸಿದವರು ಅವರು. ಮುಂದೆ ಫ್ಲಾರಿಡಾದ ಸ್ಟ್ರೈಕರ್ಸ್ ತಂಡದಲ್ಲಿದ್ದಾಗ, ಸೋಲಿನ ಮೇಲೆ ಸೋಲು ಬಿದ್ದ ಹೊತ್ತಿನಲ್ಲಿ, ಶವದ ವಾಹನದಲ್ಲಿ ಶವಪೆಟ್ಟಿಗೆಯೊಳಗೆ ಮಲಗಿ ಮೈದಾನಕ್ಕೆ ಬಂದು ಎದ್ದು ನಿಂತರು. ನಾವಿನ್ನೂ ಸತ್ತಿಲ್ಲ ಎಂದು ಪ್ರೇಕ್ಷಕರಿಗೆ ತಿಳಿಸಿದ ರೀತಿ ಅದು. ಜನರನ್ನು ಹಿಡಿದಿಡುವುದೂ ಕೋಚ್‌ನ ಕೆಲಸವೆಂದು ಅವರು ನಂಬಿದ್ದರು.

1980ರಲ್ಲಿ ಸ್ಯಾನ್ ಡಿಯೇಗೊ ಸಾಕರ್ಸ್‌ಗೆ ಬಂದ ಮೇಲೆ ಅವರು ಮಾಡಿದ್ದಕ್ಕೆ ಸಾಟಿ ಹುಡುಕುವುದು ಕಷ್ಟ. 1982ರಿಂದ 1992ರವರೆಗಿನ ಹನ್ನೊಂದು ಋತುಗಳಲ್ಲಿ ಹತ್ತು ಒಳಾಂಗಣ ಪ್ರಶಸ್ತಿ. ಆಟಗಾರರೇನೂ ಒಂದೇ ಕಡೆಯವರಲ್ಲ: ಪೋಲೆಂಡ್ ನಾಯಕನಾಗಿದ್ದ ಕಜಿಮಿರ್ ಡೇನಾ, ಹಂಗೆರಿಯಲ್ಲಿ ಹುಟ್ಟಿದ ಜೂಲಿ ವೀ, ಯುಗೊಸ್ಲಾವಿಯದ ಸ್ಟೀವ್ ಜುಂಗುಲ್. ತಮ್ಮ ತಮ್ಮ ದೇಶದಲ್ಲಿ ತೊಂಬತ್ತು ನಿಮಿಷ ಆಡಿ ಹೆಸರು ಮಾಡಿದವರನ್ನು ಎರಡು ನಿಮಿಷಕ್ಕೆ ಕರೆದು ಬೆಂಚಿನಲ್ಲಿ ಕೂರಿಸುವುದು, ಮತ್ತೆ ಕಳಿಸುವುದು, ಯಾರೂ ಮುನಿಯದಂತೆ ನೋಡಿಕೊಳ್ಳುವುದು ಸಣ್ಣ ಮಾತಲ್ಲ. 1986ರ ಏಳು ಪಂದ್ಯಗಳ ಫೈನಲ್ ಸರಣಿಯಲ್ಲಿ ಸಾಕರ್ಸ್ 3–1ರಿಂದ ಹಿಂದಿತ್ತು. ಮುಂದಿನ ಮೂರೂ ಪಂದ್ಯ ಗೆದ್ದು ಪ್ರಶಸ್ತಿ ಉಳಿಸಿಕೊಂಡಿತು. ಎದುರಿದ್ದದ್ದು ಮಿನ್ನೆಸೋಟಕ್ಕೆ ಸ್ಥಳಾಂತರವಾಗಿದ್ದ ಅದೇ ಸ್ಟ್ರೈಕರ್ಸ್.

ನ್ಯೂಮನ್ ಎದುರು ಅತಿ ಹೆಚ್ಚು ನೊಂದವರು ಬಾಲ್ಟಿಮೋರ್ ಬ್ಲಾಸ್ಟ್‌ನ ಕೆನ್ನಿ ಕೂಪರ್. ಡಲ್ಲಾಸ್‌ನಲ್ಲಿ ನ್ಯೂಮನ್ ಕೈಕೆಳಗೆ ಗೋಲ್‌ಕೀಪರ್ ಆಗಿದ್ದವರು. 1983, 1985, 1989, 1990ರ ಫೈನಲ್‌ಗಳಲ್ಲಿ ಗುರುವಿನ ತಂಡವನ್ನು ಎದುರಿಸಿ ನಾಲ್ಕರಲ್ಲೂ ಸೋತರು. 1984ರಲ್ಲಿ ಬ್ಲಾಸ್ಟ್ ಪ್ರಶಸ್ತಿ ಗೆದ್ದಿತು. ಆ ವರ್ಷ ಸಾಕರ್ಸ್ ಬೇರೆ ಲೀಗ್‌ನಲ್ಲಿತ್ತು. ಕೂಪರ್ ಅವರನ್ನು ಸೋತವರೆಂದು ಬರೆಯಲು ನನಗೆ ಮನಸ್ಸಿಲ್ಲ. ಅಷ್ಟು ಬಾರಿ ಫೈನಲ್ ತಲುಪುವ ತಂಡ ಕಟ್ಟಿದವರು ಈ ಕಸುಬಿನ ಮೊದಲ ಸಾಲಿನಲ್ಲೇ ನಿಲ್ಲುತ್ತಾರೆ.

ಆ ಹನ್ನೊಂದು ಋತುಗಳಲ್ಲಿ ಸಾಕರ್ಸ್ ಕೈತಪ್ಪಿದ್ದು 1987 ಒಂದೇ. ಫೈನಲ್‌ನಲ್ಲಿ ಇಬ್ಬರು ಇಂಗ್ಲಿಷ್ ಕೋಚ್‌ಗಳು ಎದುರಾದರು: ಡಲ್ಲಾಸ್ ಸೈಡ್‌ಕಿಕ್ಸ್‌ನ ಗಾರ್ಡನ್ ಜೇಗೊ, ಟಕೋಮಾ ಸ್ಟಾರ್ಸ್‌ನ ಅಲನ್ ಹಿಂಟನ್. ಏಳನೆಯ ಪಂದ್ಯಕ್ಕೆ ಟಕೋಮಾ ಡೋಮ್‌ನಲ್ಲಿ 21,728 ಮಂದಿ ಸೇರಿದ್ದರು. ಹೆಚ್ಚುವರಿ ಸಮಯದಲ್ಲಿ 4–3ರಿಂದ ಡಲ್ಲಾಸ್ ಗೆದ್ದಿತು.

1992ರಲ್ಲಿ ಲೀಗ್ ಮುಚ್ಚಿತು. ಬೇರೆ ಬೇರೆ ಹೆಸರಿನ ಲೀಗ್‌ಗಳು ಬಂದವು, ಹೋದವು. ಹಣದ ಅಡಚಣೆ ಈ ಆಟವನ್ನು ಎಂದೂ ಬಿಟ್ಟಿಲ್ಲ. ಆಟದ ಪರಂಪರೆ ಉಳಿದಿರುವುದಕ್ಕೆ ಕೋಚ್‌ಗಳೇ ಮುಖ್ಯ ಕಾರಣವೆಂದು ನನ್ನ ನಂಬಿಕೆ. ನ್ಯೂಮನ್ ತಂಡದಲ್ಲಿ ಆಡಿದ ಬ್ರಯನ್ ಕ್ವಿನ್ ಮುಂದೆ ಸಾಕರ್ಸ್ ಕೋಚ್ ಆದರು. ಮಿಲ್ವಾಕಿ ವೇವ್ ತಂಡದಲ್ಲಿ ಕೀತ್ ಟೋಜರ್ ಎರಡು ದಶಕಕ್ಕೂ ಹೆಚ್ಚು ಕಾಲ ನೆಲೆಯೂರಿದರು, ಅಮೆರಿಕದ ಫುಟ್ಸಾಲ್ ತಂಡಕ್ಕೂ ಕಲಿಸಿದರು. 2009ರಲ್ಲಿ ಮರುಹುಟ್ಟು ಪಡೆದ ಸಾಕರ್ಸ್, ಫಿಲ್ ಸಲ್ವಾಜಿಯೊ ಕೋಚ್ ಆಗಿದ್ದಾಗ ಸತತ 48 ಪಂದ್ಯ ಗೆದ್ದಿತು.

ಗೋಡೆಯ ಆಟದಲ್ಲಿ ಕಲಿತದ್ದು ದೊಡ್ಡ ಮೈದಾನಕ್ಕೆ ಒದಗದು ಎನ್ನುವವರು ಬಹಳ. ಆದರೆ 1996ರಲ್ಲಿ ಹೊರಾಂಗಣದ ಮೇಜರ್ ಲೀಗ್ ಸಾಕರ್ ಆರಂಭವಾದಾಗ ಕಾನ್ಸಸ್ ಸಿಟಿ ತಂಡದ ಮೊದಲ ಕೋಚ್ ಆಗಿ ಬಂದವರು ಅರವತ್ತರ ನ್ಯೂಮನ್. ಅವರ ತಂಡದಲ್ಲಿ ಪ್ರೆಕಿ ಇದ್ದರು. ಯುಗೊಸ್ಲಾವಿಯದಿಂದ ಬಂದು ಟಕೋಮಾದ ಗೋಡೆಗಳ ನಡುವೆ ಹೆಸರಾದ ಆಟಗಾರ. 1997ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನೆಂಬ ಗೌರವ ಪ್ರೆಕಿಗೆ ಸಂದಿತು. ಮರುವರ್ಷದ ಫೆಬ್ರುವರಿಯಲ್ಲಿ ಗೋಲ್ಡ್ ಕಪ್ ಸೆಮಿಫೈನಲ್‌ನಲ್ಲಿ ಅಮೆರಿಕ ಬ್ರೆಜಿಲನ್ನು 1–0ಯಿಂದ ಸೋಲಿಸಿತು. ಆ ಗೋಲು ಹೊಡೆದವರೂ ಪ್ರೆಕಿಯೇ.