ಸೀಳಿದ ಅಕ್ಷರದ ಗತ್ತು

ತಗಡಿನಲ್ಲಿ ಇಂಗ್ಲಿಷಿನ 'ಓ' ಅಕ್ಷರವನ್ನು ಪೂರ್ತಿಯಾಗಿ ಕೊರೆದರೆ ನಡುವಿನ ತುಂಡು ಕಳಚಿ ಕೆಳಗೆ ಬೀಳುತ್ತದೆ. ಆಮೇಲೆ ಬಣ್ಣ ಬಳಿದರೆ ಮೂಡುವುದು ಅಕ್ಷರವಲ್ಲ, ದಪ್ಪನೆಯ ಬೊಟ್ಟು. ಅದಕ್ಕೇ ಒಂದೆರಡು ಕಡೆ ತಗಡನ್ನು ಕೊರೆಯದೆ ಬಿಟ್ಟು, ಆ ತುಂಡನ್ನು ಹಿಡಿದು ನಿಲ್ಲಿಸಬೇಕು. ಈ ಪಟ್ಟಿಗಳೇ 'ಸೇತುವೆ'. ಸ್ಟೆನ್ಸಿಲ್ ಅಕ್ಷರದ ಮೈಮೇಲೆ ಕಾಣುವ ಸೀಳು ಅಲಂಕಾರಕ್ಕೆ ಹುಟ್ಟಿದ್ದಲ್ಲ.

ಕಲೆಯಾಗಿ ಇದು ಹಳೆಯದು. 1781ರಲ್ಲಿ ಪ್ಯಾರಿಸ್‌ನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ಕೊಂಡ ನಾಜೂಕಾದ ಸ್ಟೆನ್ಸಿಲ್ ಅಕ್ಷರಗಳ ಪೆಟ್ಟಿಗೆ ಇಂದಿಗೂ ಫಿಲಡೆಲ್ಫಿಯಾದಲ್ಲಿದೆ. ಗತ್ತು ಬಂದದ್ದು ಮಾತ್ರ ಗೋದಾಮಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಎಣ್ಣೆ ಕುಡಿಸಿದ ರಟ್ಟಿನ ಮೇಲೆ ಅಕ್ಷರ ಕತ್ತರಿಸುವ ಯಂತ್ರ ತಯಾರಾಯಿತು. ಕೈಬರಹ ಚೆನ್ನಾಗಿಲ್ಲದ ಗುಮಾಸ್ತನೂ ಸರಕಿನ ಪೆಟ್ಟಿಗೆಯ ಮೇಲೆ ವಿಳಾಸ ಒತ್ತುವಂತಾಯಿತು. ಸೈನ್ಯವೂ ಇದನ್ನೇ ಹಿಡಿಯಿತು: ಮದ್ದುಗುಂಡಿನ ಪೆಟ್ಟಿಗೆ, ಜೀಪು, ಡೇರೆ, ಎಲ್ಲದರ ಮೇಲೂ ಇದೇ ಮುದ್ರೆ.

ತಮಾಷೆ ಶುರುವಾಗುವುದು 1937ರಲ್ಲಿ. ಶಿಕಾಗೋದ ಲಡ್ಲೋ ಕಂಪನಿಗಾಗಿ ರಾಬರ್ಟ್ ಹಂಟರ್ ಮಿಡಲ್ಟನ್, ಅಮೆರಿಕನ್ ಟೈಪ್ ಫೌಂಡರ್ಸ್‌ಗಾಗಿ ಗೆರ್ರಿ ಪವೆಲ್, ಇಬ್ಬರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ 'ಸ್ಟೆನ್ಸಿಲ್' ಎಂಬ ಒಂದೇ ಹೆಸರಿನ ಅಚ್ಚಕ್ಷರ ತಂದರು. ಸೀಸದ ಮೊಳೆಯಲ್ಲಿ ಕಳಚಿ ಬೀಳುವ ತುಂಡೇ ಇಲ್ಲ, ಸೇತುವೆಯ ಹಂಗೂ ಇಲ್ಲ. ಆದರೂ ಸೀಳನ್ನು ಉಳಿಸಿಕೊಂಡರು. ಸೀಳು ಕಂಡ ಕೂಡಲೇ ಓದುಗರಿಗೆ ಹಡಗು, ಬಂದರು, ಬ್ಯಾರಕ್ಕು ನೆನಪಾಗುತ್ತಿತ್ತಲ್ಲ! ಪವೆಲ್ ಅಕ್ಷರಗಳಿಗೆ ದಪ್ಪ ಮೈ, ದುಂಡು ಅಂಚು. ಇರುವುದು ದೊಡ್ಡಕ್ಷರ ಮತ್ತು ಅಂಕಿ ಮಾತ್ರ. ಕೊರಿಯಾ ಯುದ್ಧದ ಕಥೆ ಹೇಳುವ 'ಮ್ಯಾಶ್' ಧಾರಾವಾಹಿ 1972ರಲ್ಲಿ ಶುರುವಾದಾಗ ಅದರ ಹೆಸರನ್ನು ತೋರಿಸಿದ್ದೂ ಸ್ಟೆನ್ಸಿಲ್ ಅಕ್ಷರದಲ್ಲೇ.

ಯುರೋಪಿನ ದಾರಿ ಬೇರೆ. ಬೌಹೌಸ್ ಶಾಲೆಯ ಯೋಸೆಫ್ ಆಲ್ಬರ್ಸ್ 1920ರ ದಶಕದಲ್ಲಿ ಚೌಕ, ತ್ರಿಕೋನ, ಕಾಲುವೃತ್ತಗಳನ್ನೇ ಜೋಡಿಸಿ ಅಕ್ಷರ ಕಟ್ಟಿದರು. 1929ರಲ್ಲಿ ಪೌಲ್ ರೆನ್ನರ್ ಅವರ 'ಫ್ಯೂಚುರಾ ಬ್ಲ್ಯಾಕ್' ಬಂತು. ಇವುಗಳಲ್ಲಿ ಗೋದಾಮಿನ ವಾಸನೆಯಿಲ್ಲ. ಸೀಳೇ ಅಕ್ಷರದ ಆಕಾರವನ್ನು ತೀರ್ಮಾನಿಸುತ್ತದೆ. ಇಂದು ಜೀನ್ಸ್ ಜಾಹೀರಾತಿಗೆಂದು ಕೆರೆದು, ಕೊಳೆ ಬಳಿದು ಕೊಡುವ ನಕಲಿ ಮಿಲಿಟರಿ ಅಕ್ಷರಗಳಿಗಿಂತ ಇವು ನೂರು ಪಾಲು ಮೇಲು.

ಕನ್ನಡದಲ್ಲಿ ಇದನ್ನು ಮಾಡಹೊರಟವರಿಗೆ ಬೇರೆಯೇ ಪರೀಕ್ಷೆ. ರಂಗೋಲಿ ತಗಡಿನಲ್ಲಿ ತೂತುಗಳು ಬಿಡಿಬಿಡಿಯಾಗಿರುವುದರಿಂದ ಏನೂ ಕಳಚುವುದಿಲ್ಲ. ನಮ್ಮ ಅಕ್ಷರಗಳೋ ಉಂಡೆಯುಂಡೆ. 'ರ'ದ ಹೊಟ್ಟೆಯೂ ಸೊನ್ನೆಯ ಒಳಗೂ ಸೇತುವೆ ಬೇಡುತ್ತವೆ. 'ಠ'ದ ಚುಕ್ಕೆಗೆ ಆ ತೊಂದರೆಯಿಲ್ಲ, ಅದು ಬರೀ ತೂತು. ಆದರೆ ಸುತ್ತಲಿನ ಬಿಳಿಯನ್ನು ಹಿಡಿದಿಡದಿದ್ದರೆ ಚುಕ್ಕೆಯ ಗುರುತೇ ಉಳಿಯದು. ಕಂಪ್ಯೂಟರಿನಲ್ಲಿ ಎಲ್ಲ ಅಕ್ಷರಕ್ಕೂ ನಡುವೆ ಒಂದೇ ಗೀಟೆಳೆದರೆ 'ರ' ಯಾವುದು, 'ಠ' ಯಾವುದು ಎಂದು ದೂರದಿಂದ ತಿಳಿಯುವುದು ಕಷ್ಟ. ಪೋಸ್ಟರಿಗೆ ಇಂಥ ಶೀರ್ಷಿಕೆ ಬರೆಯುವವರು ಒಮ್ಮೆ ರಟ್ಟನ್ನೇ ಕತ್ತರಿಸಿ, ಬಣ್ಣ ಒತ್ತಿ ನೋಡಲಿ.