ಬಸುರಿಯ ರಕ್ತದ ಕೊಬ್ಬು

ಕೆಲವು ವರ್ಷಗಳ ಹಿಂದೆ ಹುಣಸೂರು ತಾಲ್ಲೂಕಿನ ಗಾವಡಗೆರೆಯ ಕಡೆಯಿಂದ ಎಂಟು ತಿಂಗಳ ಗರ್ಭಿಣಿಯೊಬ್ಬಳು ತಾಯಿಯೊಡನೆ ನನ್ನ ಬಳಿಗೆ ಬಂದಿದ್ದಳು. ಕೈಯಲ್ಲಿ ರಕ್ತಪರೀಕ್ಷೆಯ ಚೀಟಿ, ಮುಖದಲ್ಲಿ ದಿಗಿಲು. ಚೀಟಿಯಲ್ಲಿ ಕೊಬ್ಬಿನ ಅಂಶಗಳೆಲ್ಲ ಏರಿದ್ದವು. ಆಕೆಯ ತಂದೆ ಹೃದ್ರೋಗದಿಂದ ತೀರಿಕೊಂಡವರು. ತನಗೂ ಅದೇ ಗತಿಯೆಂದು ಹೆದರಿ, ಹಾಲು, ತುಪ್ಪ, ಕಡಲೆಕಾಯಿಗಳನ್ನು ತ್ಯಜಿಸಿ ಒಂದು ತಿಂಗಳಿಂದ ಒಪ್ಪೊತ್ತು ಉಣ್ಣುತ್ತಿದ್ದಳು. ಸೀಮಂತದ ಹೋಳಿಗೆಯನ್ನೂ ಮುಟ್ಟಲಿಲ್ಲವೆಂದು ತಾಯಿ ಕಣ್ಣೀರಿಟ್ಟರು. ಅಂದು ಅವರಿಗೆ ಹೇಳಿದ ಮಾತುಗಳನ್ನೇ ಇಂದು ತಮ್ಮ ಮುಂದಿಡುತ್ತಿದ್ದೇನೆ.

ಬಸುರಿಯ ರಕ್ತದಲ್ಲಿ ಕೊಬ್ಬು ಏರುವುದು ಸಾಮಾನ್ಯವಾಗಿ ರೋಗವಲ್ಲ, ಸಿದ್ಧತೆ. ಸುಗ್ಗಿಯ ರಾಗಿಯನ್ನು ರೈತ ಹಗೇವಿನಲ್ಲಿ ತುಂಬಿಡುವಂತೆ, ಮೊದಲ ತಿಂಗಳುಗಳಲ್ಲಿ ತಾಯಿಯ ದೇಹ ಕೊಬ್ಬನ್ನು ಕೂಡಿಡುತ್ತದೆ. ಕಡೆಯ ಮೂರು ತಿಂಗಳಲ್ಲಿ ಹಗೇವಿನ ಬಾಯಿ ತೆರೆಯುತ್ತದೆ. ಸಕ್ಕರೆಯನ್ನು ಮಗುವಿಗೆ ಬಿಟ್ಟುಕೊಟ್ಟು ತಾಯಿ ತಾನು ಹೆಚ್ಚಾಗಿ ಕೊಬ್ಬನ್ನು ಉರಿಸಿ ಬಾಳುತ್ತಾಳೆ. ಹೆರಿಗೆಯ ಹೊತ್ತಿಗೆ ಟ್ರೈಗ್ಲಿಸರೈಡ್ ಎರಡು ಮೂರು ಪಟ್ಟಾಗುವುದುಂಟು. ಕೊಲೆಸ್ಟರಾಲ್ ಕಾಲುಭಾಗದಿಂದ ಅರ್ಧದಷ್ಟು ಹೆಚ್ಚುತ್ತದೆ. ಬಾಣಂತನದಲ್ಲಿ ಇವೆರಡೂ ಇಳಿಯುತ್ತವೆ. ಅದನ್ನೂ ಮೀರಿ ಏರಿದರೆ ಮಾತ್ರ ವೈದ್ಯರು ಚಿಂತಿಸಬೇಕು.

ಆದರೆ ಎಣ್ಣೆಯಿದ್ದಲ್ಲಿ ಕಮಟಿನ ಭಯವೂ ಉಂಟು. ತೆರೆದಿಟ್ಟ ಎಣ್ಣೆಯನ್ನು ಕೆಡಿಸುವುದು ಗಾಳಿಯ ಆಮ್ಲಜನಕ. ನಾವು ಪ್ರಾಣವಾಯುವೆಂದು ಕರೆಯುವುದೂ ಅದನ್ನೇ! ದೇಹದಲ್ಲಿ ಅದು ಬಳಕೆಯಾಗುವಾಗ ಕಿಡಿಗಳಂಥ ಕಣಗಳು ಸಿಡಿದು ಜೀವಕೋಶದ ಕೊಬ್ಬಿನ ಪೊರೆಯನ್ನು ಕೆಡಿಸಬಲ್ಲವು. ಅವನ್ನು ಆರಿಸುವ ಕಾವಲುಗಾರರೂ ದೇಹದಲ್ಲಿದ್ದಾರೆ. ಕಿಡಿ ಹೆಚ್ಚಿ ಕಾವಲು ಸಾಲದಾದರೆ ಅದೇ ಉತ್ಕರ್ಷಣ ಒತ್ತಡ. ಬಸಿರಿನಲ್ಲಿ ಎರಡೂ ಏರುತ್ತವೆ. ಪ್ರತಿಯೊಂದು ಹೆರಿಗೆ ನೋವೂ ಮಾಸಿಗೆ ಹರಿಯುವ ರಕ್ತವನ್ನು ಕ್ಷಣಕಾಲ ತಡೆದು ಬಿಡುತ್ತದೆ. ಅಲ್ಲಿಯೂ ಕಿಡಿ ಏಳುತ್ತದೆ. ಗರ್ಭದ ಮೊದಲ ಭಾಗದಲ್ಲಿ ಮಾಸಿನ ರಕ್ತನಾಳಗಳು ಸರಿಯಾಗಿ ಅಗಲವಾಗದಿದ್ದರೆ ಮಾಸು ಬಳಲಿ, ಅದರ ಕೇಡು ತಾಯಿಯ ಮೈಗೆಲ್ಲ ಹಬ್ಬಿ, ರಕ್ತದೊತ್ತಡ ಏರುತ್ತದೆ. ಇದೇ ಗರ್ಭನಂಜು.

ಹಾಗಾದರೆ ಕಾವಲನ್ನು ಮಾತ್ರೆಯಾಗಿ ನುಂಗಬಾರದೇಕೆ? ಈ ಕಾವಲುಗಾರರಲ್ಲಿ ಒಬ್ಬನಾದ ಈ ಜೀವಸತ್ವವನ್ನು 1922ರಲ್ಲಿ ಅಮೆರಿಕದ ಈವಾನ್ಸ್ ಮತ್ತು ಬಿಷಪ್ ಕಂಡುಹಿಡಿದದ್ದು ಬಸಿರು ನಿಲ್ಲದ ಇಲಿಗಳಲ್ಲಿ. ಅದರ ಟೊಕೊಫೆರಾಲ್ ಎಂಬ ಹೆಸರಿಗೆ ಗ್ರೀಕಿನಲ್ಲಿ ‘ಹೆರಿಗೆಯನ್ನು ತರುವುದು’ ಎಂಬ ಅರ್ಥ. ಆದರೂ ಬ್ರಿಟನ್ನಿನಲ್ಲಿ ಸುಮಾರು 2,400 ಗರ್ಭಿಣಿಯರಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಿ ಮತ್ತು ಈ ಜೀವಸತ್ವಗಳ ದೊಡ್ಡ ಪ್ರಮಾಣ ಗರ್ಭನಂಜನ್ನು ತಡೆಯಲಿಲ್ಲ. ಕಡಿಮೆ ತೂಕದ ಕೂಸುಗಳೇ ಹೆಚ್ಚಾದವು.

ಕೂಸಿನ ತೂಕವೆಂದರೆ ನಮ್ಮ ಮೈಸೂರಿನದೇ ಪಾಠವೊಂದಿದೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದ 517 ಮಂದಿಯನ್ನು ಅವರ ಜನನದ ದಾಖಲೆಯೊಡನೆ ಹೋಲಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಎರಡೂವರೆ ಕಿಲೋ ಮೀರದೆ ಹುಟ್ಟಿದವರಲ್ಲಿ ಶೇಕಡ 11ರಷ್ಟು ಮಂದಿಗೆ ಹೃದ್ರೋಗವಿತ್ತು. ತುಂಬು ತೂಕದಿಂದ ಹುಟ್ಟಿದವರಲ್ಲಿ ಕೇವಲ ಶೇಕಡ 3. ಹೃದ್ರೋಗಕ್ಕೆ ಹೆದರಿ ಉಪವಾಸವಿದ್ದ ಆ ತಾಯಿ, ತನಗರಿವಿಲ್ಲದೆ ಆ ಭಯವನ್ನು ಮಗುವಿಗೆ ವರ್ಗಾಯಿಸುತ್ತಿದ್ದಳು!

ಹೆದರಬೇಕಾದದ್ದು ಬೇರೆಯೇ ಇತ್ತು. ಹುಣಸೂರು, ಪಿರಿಯಾಪಟ್ಟಣಗಳ ಸೀಮೆ ಹೊಗೆಸೊಪ್ಪಿನ ಸೀಮೆ. ಸೊಪ್ಪನ್ನು ಹದಗೊಳಿಸುವ ಬ್ಯಾರನ್ನಿನ ಒಲೆಯ ಹೊಗೆ, ಅಡಿಗೆಮನೆಯ ಸೌದೆಯ ಹೊಗೆ, ಮನೆಯವರ ಬೀಡಿಯ ಹೊಗೆ ಇವೆಲ್ಲ ಕಿಡಿಗಳನ್ನು ಹೆಚ್ಚಿಸುವಂಥವು. ಹಸಿ ಸೊಪ್ಪಿನ ನಿಕೊಟಿನ್ ಚರ್ಮದ ಮೂಲಕವೂ ಮೈಸೇರುತ್ತದೆ. ಬಸುರಿಯನ್ನು ಆ ಕೆಲಸದಿಂದ ದೂರವಿಡಿ. ತಪ್ಪದೆ ರಕ್ತದೊತ್ತಡ ನೋಡಿಸಿ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಕಂಡರೆ ಮರುದಿನಕ್ಕೆ ಕಾಯಬೇಡಿ.

“ಈ ಚೀಟಿಯನ್ನೇನು ಮಾಡಲಿ?” ಎಂದಳಾಕೆ. “ಮಡಿಸಿಡು ತಾಯಿ, ಬಾಣಂತನ ಮುಗಿದ ಮೇಲೆ ಇನ್ನೊಮ್ಮೆ ನೋಡೋಣ. ಇವತ್ತು ಮಾತ್ರ ಎರಡು ಹೊತ್ತೂ ಊಟಮಾಡು” ಎಂದೆ.