ಮೇಜಿನ ಮೇಲೆ ಗೆದ್ದದ್ದು ಬೀದಿಯಲ್ಲಿ ಸೋಲುವುದೇಕೆ?

ಉಪಕರಣವೊಂದು ಕೆಲಸಮಾಡುತ್ತದೆ ಎಂದರೆ ಸಾಲದು. ಎಲ್ಲಿ, ಯಾರ ಕೈಯಲ್ಲಿ ಕೆಲಸಮಾಡುತ್ತದೆ ಎಂಬುದನ್ನೂ ಹೇಳಬೇಕು. ಮೊಬೈಲ್ ಫೋನಿನ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಹೊಸ ಫೋನನ್ನಾಗಲಿ ಅದರಲ್ಲಿನ ಆ್ಯಪನ್ನಾಗಲಿ ಕೆಲವರ ಕೈಗೆ ಕೊಟ್ಟು, ಅವರು ಎಲ್ಲೆಲ್ಲಿ ತಡವರಿಸುತ್ತಾರೆಂದು ಗಮನಿಸುವ ಕ್ರಮಕ್ಕೆ ಬಳಕೆಯ ಪರೀಕ್ಷೆ ಎಂದು ಹೆಸರು. ಇದನ್ನು ಶಾಂತವಾದ ಕೋಣೆಯಲ್ಲಿ, ಕುರ್ಚಿಯ ಮೇಲೆ ಕುಳ್ಳಿರಿಸಿ ನಡೆಸುವುದು ಸುಲಭ. ಆದರೆ ಫೋನು ಕೋಣೆಯಲ್ಲಿಯೇ ಉಳಿಯುವ ವಸ್ತುವಲ್ಲ.

ಮೊದಲು ಬೆಳಕನ್ನು ತೆಗೆದುಕೊಳ್ಳೋಣ. ಓದುವ ಮೇಜಿನ ಮೇಲೆ ಬೀಳುವ ಬೆಳಕು ಸುಮಾರು 500 ಲಕ್ಸ್. ನಡುಹಗಲಿನ ನೇರ ಬಿಸಿಲಿನಲ್ಲಿ ಅದು ಸುಮಾರು 1,00,000 ಲಕ್ಸ್, ಎಂದರೆ 200 ಮಡಿ. ಸಾಧಾರಣ ಗಾಜಿನ ಮೇಲ್ಮೈಯು ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡ 4ರಷ್ಟನ್ನು ಹಿಂದಕ್ಕೆ ಕಳುಹಿಸುತ್ತದೆ. ಕೋಣೆಯಲ್ಲಿ ಈ ಪ್ರತಿಫಲನ ಅಷ್ಟಾಗಿ ಲೆಕ್ಕಕ್ಕೆ ಬಾರದು. ಬಯಲಿನಲ್ಲಿಯಾದರೋ ಆಕಾಶದ ಬಿಂಬವೇ ಅಕ್ಷರಗಳನ್ನು ಮಸುಕುಗೊಳಿಸುತ್ತದೆ. ನೀರಿನ ವಿಷಯವೂ ಹೀಗೆಯೇ. ಪರದೆಯ ವಿದ್ಯುತ್ ಕ್ಷೇತ್ರದಲ್ಲಿ ಬೆರಳು ಉಂಟುಮಾಡುವ ಅಲ್ಪ ವ್ಯತ್ಯಾಸದಿಂದ ಫೋನು ಸ್ಪರ್ಶವನ್ನು ಗುರುತಿಸುತ್ತದೆ. ಮಳೆಯ ಹನಿಯೂ ಆ ಕ್ಷೇತ್ರವನ್ನು ಕದಲಿಸುವುದರಿಂದ, ಬೆರಳು ಯಾವುದು, ಹನಿ ಯಾವುದು ಎಂದು ವಿಂಗಡಿಸುವುದು ಕಷ್ಟವಾಗುತ್ತದೆ.

ಬೆಳಕು, ನೀರುಗಳಿಗಿಂತ ಸೂಕ್ಷ್ಮವಾದುದು ಮನುಷ್ಯನ ಗಮನ. 2005ರಲ್ಲಿ ಪ್ರಕಟವಾದ ಫಿನ್ಲೆಂಡಿನ ಪ್ರಯೋಗವೊಂದರಲ್ಲಿ 28 ಮಂದಿ ಹೆಲ್ಸಿಂಕಿ ನಗರದಲ್ಲಿ ಓಡಾಡುತ್ತ, ಫೋನಿನಲ್ಲಿ ಅಂತರಜಾಲದ ಪುಟಗಳನ್ನು ತೆರೆದರು. ಪುಟ್ಟ ಕ್ಯಾಮೆರಾಗಳು ಅವರ ನೋಟವನ್ನು ದಾಖಲಿಸಿದವು. ಪುಟ ತೆರೆದುಕೊಳ್ಳುವುದನ್ನು ಕಾಯುವಾಗ, ಪ್ರಯೋಗಶಾಲೆಯಲ್ಲಿ ಕಣ್ಣು ಒಂದೇ ಸಮನೆ ಸುಮಾರು 16 ಸೆಕೆಂಡು ಪರದೆಯ ಮೇಲೆ ನಿಂತರೆ, ಜನನಿಬಿಡ ಬೀದಿಯಲ್ಲಿ ನಿಂತುದು ಸುಮಾರು 4 ಸೆಕೆಂಡು ಮಾತ್ರ. ಎಡೆಬಿಡದೆ 10 ಸೆಕೆಂಡು ಓದಬೇಕಾದ ಸೂಚನೆಯೊಂದು ಕೋಣೆಯಲ್ಲಿ ಉತ್ತೀರ್ಣವಾಗಿ ಬೀದಿಯಲ್ಲಿ ಸೋತರೆ ಆಶ್ಚರ್ಯವೇನು?

ಹಾಗಾದರೆ ಪ್ರತಿಯೊಂದು ಪರೀಕ್ಷೆಯನ್ನೂ ಹೊರಗೇ ನಡೆಸಬೇಕೆ? ಡೆನ್ಮಾರ್ಕಿನ ವಿಜ್ಞಾನಿಗಳಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯ ಹುಟ್ಟಿತು. ರೋಗಿಗಳ ವಿವರಗಳನ್ನು ಒಳಗೊಂಡ ಕೈ-ಉಪಕರಣವನ್ನು ಆಸ್ಪತ್ರೆಯಲ್ಲೂ ಪ್ರಯೋಗಶಾಲೆಯಲ್ಲೂ ಪರೀಕ್ಷಿಸಿದ ಒಂದು ತಂಡ, ಹೊರಗೆ ಹೋದುದರಿಂದ ಹೆಚ್ಚಿನ ಲಾಭವಿಲ್ಲವೆಂದು 2004ರಲ್ಲಿ ಸಾರಿತು. 2006ರಲ್ಲಿ ಇನ್ನೊಂದು ತಂಡ, ಕುಶಲ ಕೆಲಸಗಾರರ ಉಪಕರಣವನ್ನು ಪರೀಕ್ಷಿಸಿ, ಕೆಲಸದ ಸ್ಥಳದಲ್ಲಿಯೇ ಹೆಚ್ಚು ತೊಡಕುಗಳು ಕಂಡುಬಂದುವೆಂದಿತು. ಇಲ್ಲಿ ಒಂದು ಸಂಗತಿ ಗಮನಾರ್ಹ: ಮೊದಲನೆಯ ತಂಡದವರು ತಮ್ಮ ಪ್ರಯೋಗಶಾಲೆಯನ್ನೇ ಆಸ್ಪತ್ರೆಯ ವಿಭಾಗದಂತೆ, ಎರಡು ಕೋಣೆಗಳ ನಡುವೆ ನಡೆದುಹೋಗುವ ಹಾದಿಯ ಸಹಿತ, ಅಣಿಗೊಳಿಸಿದ್ದರು. ಸ್ಥಳದ ಲಕ್ಷಣಗಳನ್ನು ಅರಿತಿದ್ದರೆ ಅವನ್ನು ಕೋಣೆಯೊಳಕ್ಕೆ ತರಬಹುದು. ಅರಿಯದಿದ್ದರೆ ಹೊರಗೆ ಹೋಗಿಯೇ ಅರಿಯಬೇಕು. ನಮಗೆ ತೋರುವ ಸಮಾಧಾನ ಇದು.

ಬಿಸಿಲಿನಲ್ಲಿ ನಿಂತು ಫೋನಿನಲ್ಲಿ ಹಣ ಕಳುಹಿಸಲಾರದ ವೃದ್ಧೆ, ‘ನನಗೆ ಇದೆಲ್ಲ ತಿಳಿಯದು’ ಎಂದು ತನ್ನನ್ನೇ ಹಳಿದುಕೊಳ್ಳುತ್ತಾಳೆ. ಅನೇಕ ವೇಳೆ ದೋಷ ಆಕೆಯದಲ್ಲ. ಆಕೆ ನಿಂತ ಸ್ಥಳವನ್ನು ಪರೀಕ್ಷೆಯಲ್ಲಿ ಸೇರಿಸದೆಹೋದವರದು.